ಒಡಲ ದಾರಿ

ಲೋಕದಲ್ಲಿ ಯಾರು ಎಲ್ಲಿ ಯಾವ ಔಷಧವನ್ನು ಪರೀಕ್ಷಿಸಿದರೂ ಆ ವರದಿಗಳನ್ನೆಲ್ಲ ಒಬ್ಬನೇ ಓದಿ, ಕಾಳು ಜೊಳ್ಳು ಬೇರೆ ಮಾಡಿ, ಚಹಾ ಆರುವಷ್ಟರಲ್ಲಿ "ಇದು ಕೊಡಿ, ಇದು ಬೇಡ" ಎಂದು ಹೇಳಿಬಿಡುವ ಒಬ್ಬ ವೈದ್ಯ ಸಿಕ್ಕಿದರೆ ಹೇಗಿರುತ್ತದೆ? ಧಾರವಾಡದಲ್ಲಿ ಅಂಥವನೊಬ್ಬ ಸಿಕ್ಕಿ ಏಳು ವರ್ಷವಾಗಿತ್ತು. ಅವನಿಗೆ ಕೈಕಾಲಿರಲಿಲ್ಲ, ಸಿಡುಕಿರಲಿಲ್ಲ, ಊಟದ ಹೊತ್ತೂ ಇರಲಿಲ್ಲ. ರಾಜ್ಯ ಪುರಾವೆ ಕೇಂದ್ರದ ನೆಲಮಾಳಿಗೆಯಲ್ಲಿ ಸಾಲಾಗಿ ನಿಲ್ಲಿಸಿದ ಕಪಾಟುಗಳೊಳಗೆ ಗುಂಯ್‌ಗುಡುತ್ತ ಇರುತ್ತಿದ್ದ. ಸರಕಾರ ಆ ಯಂತ್ರಕ್ಕೆ ಒಂದು ಮಾರುದ್ದದ ಹೆಸರಿಟ್ಟಿತ್ತು. ಜನ "ತಕ್ಕಡಿ" ಅಂದರು, ಅದೇ ನಿಂತಿತು.

ತಕ್ಕಡಿ ಏನಂತೈತಿ ಎಂದು ಕೇಳುವುದು ಔಷಧಿ ಅಂಗಡಿಯಿಂದ ಬಸ್‌ ನಿಲ್ದಾಣದವರೆಗೆ ನಿತ್ಯದ ಮಾತಾಯಿತು. ಮುದುಕಿಯರು ಹಸಿ ಬೆಳ್ಳುಳ್ಳಿಯ ಬಗ್ಗೆ ಕೇಳಿ, "ಪುರಾವೆ ಸಾಲದು" ಎಂಬ ಉತ್ತರ ಪಡೆದು, "ಹಲ್ಲಿಲ್ಲದ್ದಕ್ಕ ಬೆಳ್ಳೊಳ್ಳಿ ರುಚಿ ಏನ್ ಗೊತ್ತು" ಎಂದು ಬೈದು ತಿನ್ನುವುದನ್ನು ಮುಂದುವರಿಸಿದರು. ವೈದ್ಯರಲ್ಲಿ ಕೆಲವರು ಮೊದಮೊದಲು ಮುಖ ಊದಿಸಿಕೊಂಡರು. ತಪ್ಪಾದರೆ ತಕ್ಕಡಿಯ ತಲೆಗೆ ಕಟ್ಟಬಹುದೆಂದು ಹೊಳೆದ ಮೇಲೆ ಅವರೂ ಹಾಯಾದರು.

ಕಾಯಿದೆ ಮಾಡಿದವರು ಮಾತ್ರ ಅಷ್ಟು ಹಾಯಾಗಿರಲಿಲ್ಲ. ಪ್ರತಿ ಕಡತಕ್ಕೂ ಎರಡು ಓದು ಆಗಬೇಕು, ಎರಡನೆಯದು ಮನುಷ್ಯರದೇ ಆಗಬೇಕು ಎಂದು ಅವರು ಬರೆದಿಟ್ಟಿದ್ದರು. ಯಂತ್ರ ಒಂದು ಕಡೆ ಓದುತ್ತದೆ, ಮನುಷ್ಯ ಇನ್ನೊಂದು ಕಡೆ ಓದುತ್ತಾನೆ. ಮುಗಿಯುವ ತನಕ ಒಬ್ಬರದನ್ನೊಬ್ಬರು ನೋಡುವಂತಿಲ್ಲ. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೊಂದಿಸುತ್ತಾರೆ, ಹೊಂದದಿದ್ದರೆ ಮೂರನೆಯವರು ಓದುತ್ತಾರೆ. ನೀಲಾಂಬಿಕಾ ಅಲ್ಲಿಯ ಎರಡನೆಯ ಓದುಗಾರ್ತಿ. ನಲವತ್ತಾರರ ವಯಸ್ಸು, ಮೊದಲು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವಳು. ಆರು ವರ್ಷದಲ್ಲಿ ನೂರ ನಲವತ್ತು ಕಡತ ಓದಿ ಒಂಬತ್ತರಲ್ಲಿ ಮಾತ್ರ ತಕ್ಕಡಿಯೊಡನೆ ಜಗಳ ತೆಗೆದಿದ್ದಳು. ಆ ಒಂಬತ್ತರಲ್ಲಿ ಏಳು ಸಲ ತಪ್ಪು ಅವಳದೇ ಆಗಿತ್ತು, ಅದನ್ನು ಅವಳೇ ನಕ್ಕು ಹೇಳುತ್ತಿದ್ದಳು.

ಕಡತ ತೆರೆಯುವ ಮೊದಲು ಓದುಗರು ಒಂದು ಸಾಲಿಗೆ ಸಹಿ ಹಾಕಬೇಕು: "ಈ ಕಡತದಲ್ಲಿರುವ ಕಾಯಿಲೆ ನನ್ನ ಮನೆಯವರಿಗಾಗಲಿ ಹತ್ತಿರದ ಬಂಧುಗಳಿಗಾಗಲಿ ಇರುವುದಿಲ್ಲ." ಸಂಕಟದಲ್ಲಿರುವವರ ಕಣ್ಣು ತಮಗೆ ಬೇಕಾದ್ದನ್ನೇ ಓದುತ್ತದೆ ಎಂಬ ಕಾರಣಕ್ಕೆ ಆ ನಿಯಮ. ಆ ಸೋಮವಾರ ಬೆಳಿಗ್ಗೆ ಬಂದ ಕಡತದ ಹೆಸರು ಹೀಗಿತ್ತು: ಮುಂದುವರಿದ ಅಂಡಾಶಯದ ಕ್ಯಾನ್ಸರ್, ಕೀಮೋ ಕೊಡುವ ದಾರಿಗಳು. ನೀಲಾಂಬಿಕಾ ಒಂದು ನಿಮಿಷ ಪೆನ್ನು ಹಿಡಿದು ಕುಳಿತಳು, ಆಮೇಲೆ ಸಹಿ ಹಾಕಿದಳು. ಅದು ಸುಳ್ಳು ಸಹಿ.

ಅವಳ ಅಕ್ಕ ಇಂದುಮತಿಗೆ ಅದೇ ಕಾಯಿಲೆ ಇದೆಯೆಂದು ತಿಳಿದು ಹದಿನಾಲ್ಕು ದಿನವಾಗಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಸಿಕ್ಕಷ್ಟನ್ನು ತೆಗೆದಿದ್ದರು. ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣವು ಹೊಟ್ಟೆಯೊಳಗಿನ ಪೊರೆಗೆ ಅಂಟಿಕೊಂಡು ಇನ್ನೂ ಉಳಿದಿದ್ದವು, ಅವುಗಳಿಗೆ ಕೀಮೋ ಬೇಕು. ಇದನ್ನು ಡಾಕ್ಟರಮ್ಮ ಹೇಳಿದ್ದು ವರಾಂಡದಲ್ಲಿ, ನೀಲಾಂಬಿಕಾಗೆ ಮತ್ತು ಇಂದುಮತಿಯ ಮಗ ಗುರುಸಿದ್ಧನಿಗೆ. ಒಳಗೆ ಮಲಗಿದ್ದ ಇಂದುಮತಿಗೆ ಇವರಿಬ್ಬರೂ ಹೇಳಿದ್ದೇ ಬೇರೆ: ಗರ್ಭಕೋಶದಲ್ಲಿ ಗಂಟಿತ್ತು, ತೆಗೆದರು, ಇನ್ನು ಆರು ಸಲ ಶಕ್ತಿಯ ಔಷಧ ಕೊಡುತ್ತಾರೆ. ಮನೆಯಲ್ಲಿ ಆಡದ ಮಾತನ್ನು ಕಚೇರಿಯ ಕಾಗದದ ಮೇಲೆ ಹೇಗೆ ಬರೆಯುವುದು ಎಂದು ನೀಲಾಂಬಿಕಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಇಷ್ಟೇ, ಆ ಕಡತ ಬೇರೆ ಯಾರ ಕೈಗೂ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಕಡತದಲ್ಲಿ ಪ್ರಶ್ನೆ ಒಂದೇ. ಔಷಧವನ್ನು ನರಕ್ಕೆ ಚುಚ್ಚಿ ರಕ್ತದ ಮೂಲಕ ಕಳಿಸಬೇಕೋ, ನೇರವಾಗಿ ಹೊಟ್ಟೆಯೊಳಕ್ಕೆ ಬಿಡಬೇಕೋ? ನರದ ದಾರಿ ಹಳೆಯದು, ಸಲೈನ್ ಬಾಟಲಿ ತೂಗಿಬಿಟ್ಟರಾಯಿತು. ಆದರೆ ಔಷಧ ಮೈಯೆಲ್ಲ ಸುತ್ತಿ ಹೊಟ್ಟೆಯ ಪೊರೆಗೆ ಮುಟ್ಟುವಾಗ ತೆಳ್ಳಗಾಗಿರುತ್ತದೆ. ಒಡಲ ದಾರಿಗೆ ಹೊಸ ಪಂಪು ಬಂದಿತ್ತು. ಹಳೆಯ ಐದು ರೂಪಾಯಿ ನಾಣ್ಯದಷ್ಟು ಅಗಲದ ಅದನ್ನು ಪಕ್ಕೆಲುಬಿನ ಕೆಳಗೆ ಚರ್ಮದೊಳಗೆ ಇಟ್ಟು, ಅದಕ್ಕೊಂದು ನಳಿಗೆ ಜೋಡಿಸಿ, ಬೆಚ್ಚಗಿನ ಔಷಧದ ನೀರನ್ನು ಹೊಟ್ಟೆ ತುಂಬ ಬಿಡುತ್ತಾರೆ. ಅದು ಮೂಲೆ ಮೂಲೆಗೂ ತಾಗಬೇಕಲ್ಲ, ಅದಕ್ಕಾಗಿ ಸೊಂಟದ ಪಟ್ಟಿ ಕಾಲು ಗಂಟೆಗೊಮ್ಮೆ ಕೂಗುತ್ತದೆ, ಕೂಗಿದಾಗೆಲ್ಲ ಮಗ್ಗಲು ಬದಲಿಸಬೇಕು. ದಿನಕ್ಕೆ ನಾಲ್ಕು ತಾಸು, ಮೂರು ದಿನ, ಹೀಗೆ ಆರು ಸುತ್ತು. ವಾರ್ಡಿನ ಹೆಂಗಸರು ಅದಕ್ಕೆ "ಉರುಳು ಸೇವೆ" ಎಂದು ಹೆಸರಿಟ್ಟಿದ್ದರು.

ಹದಿನಾಲ್ಕು ಆಸ್ಪತ್ರೆಗಳಲ್ಲಿ ಎಂಟು ನೂರ ಹನ್ನೆರಡು ಹೆಂಗಸರ ಮೇಲೆ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ನರ, ಅರ್ಧ ಜನಕ್ಕೆ ಒಡಲು, ಚೀಟಿ ಎತ್ತಿ ಹಂಚಿದ್ದು. ಒಡಲ ದಾರಿಯಲ್ಲಿ ಆರೂ ಸುತ್ತು ಮುಗಿಸಿದವರು ನರದವರಿಗಿಂತ ಸುಮಾರು ಹದಿನಾರು ತಿಂಗಳು ಹೆಚ್ಚು ಬದುಕಿದ್ದರು. ಆದರೆ ನಾನೂರ ಆರು ಜನರಲ್ಲಿ ಮುಗಿಸಿದವರು ನೂರ ಅರವತ್ತೇಳು ಮಂದಿ ಮಾತ್ರ. ಉಳಿದವರು ನಡುವೆ ಬಿಟ್ಟು ಪಂಪು ತೆಗೆಸಿಕೊಂಡಿದ್ದರು. ಬಿಟ್ಟವರನ್ನೂ ಅದೇ ಸಾಲಿನಲ್ಲಿ ಎಣಿಸಬೇಕೆಂಬುದು ಇಂಥ ಲೆಕ್ಕದ ಹಳೆಯ ನಿಯಮ, ಇಲ್ಲದಿದ್ದರೆ ಗಟ್ಟಿಮುಟ್ಟಾದವರನ್ನೇ ಆರಿಸಿ ಎಣಿಸಿದಂತಾಗುತ್ತದೆ. ಹಾಗೆ ಎಲ್ಲರನ್ನೂ ಕೂಡಿಸಿದರೆ ಎರಡು ದಾರಿಗೂ ಏನೂ ವ್ಯತ್ಯಾಸವಿರಲಿಲ್ಲ. ಸಾಲದ್ದಕ್ಕೆ ಒಡಲ ದಾರಿಯಲ್ಲಿ ನೋವು ಹೆಚ್ಚು. ಈ ಓದಿಗೆ ಸಹಿ ಬಿದ್ದರೆ ಮುಂದಿನ ತಿಂಗಳಿಂದ ಆ ಪಂಪುಗಳು ಆಸ್ಪತ್ರೆಗಳಿಂದ ವಾಪಸು ಹೋಗುತ್ತವೆ ಎಂದು ನೀಲಾಂಬಿಕಾಗೆ ಗೊತ್ತಿತ್ತು. ಅಕ್ಕನ ಹೊಟ್ಟೆಯಲ್ಲಿ ಅಂಥದೊಂದು ಪಂಪನ್ನು ಶಸ್ತ್ರಚಿಕಿತ್ಸೆಯ ಹೊತ್ತಿಗೇ ಇಟ್ಟಾಗಿತ್ತು, ಶುಕ್ರವಾರ ಮೊದಲ ಸುತ್ತು.

ಬಿಟ್ಟವರು ಯಾಕೆ ಬಿಟ್ಟರು? ಕಾರಣ ತುಂಬಲು ಐದು ಕಲಮುಗಳಿದ್ದವು. ಹೆಚ್ಚಿನವರ ಹೆಸರು "ಸಹಿಸಲಾಗಲಿಲ್ಲ" ಎಂಬ ಕಲಮಿನಲ್ಲಿತ್ತು. ಅದರ ಹಿಂದೆ ದಾದಿಯರು ಕೈಯಲ್ಲಿ ಬರೆದ ಟಿಪ್ಪಣಿಗಳ ಚಿತ್ರಗಳಿದ್ದವು, ಕನ್ನಡ, ಮರಾಠಿ, ತೆಲುಗು, ಉರ್ದುವಿನಲ್ಲಿ. ಸಾಮಾನ್ಯವಾಗಿ ಎರಡನೆಯ ಓದಿನಲ್ಲಿ ಯಾರೂ ಅಲ್ಲಿಯವರೆಗೆ ಇಳಿಯುವುದಿಲ್ಲ. ನೀಲಾಂಬಿಕಾ ಇಳಿದಳು. ಅಕ್ಕನಿಗೆ ಎಷ್ಟು ನೋವಾದೀತು ಎಂದು ನೋಡಲು ಇಳಿದಳೇ ಹೊರತು ಪುರಾವೆಯ ಮೇಲಿನ ಪ್ರೀತಿಯಿಂದಲ್ಲ. ಬಾರದ ಭಾಷೆಗಳಿಗೆ ಅನುವಾದದ ಕನ್ನಡಕ ಹಾಕಿಕೊಂಡು ಓದುತ್ತ ಹೋದಳು.

"ಗಂಟು ತೆಗೆದಾದ ಮೇಲೆ ಹೊಟ್ಟೆಗೆ ನೀರು ಯಾಕೆ ಬಿಡುತ್ತೀರಿ ಎಂದು ರೋಗಿ ಕೇಳಿದರು. ಮಗ ಉತ್ತರಿಸಲಿಲ್ಲ. ಎರಡನೆಯ ಸುತ್ತಿನ ನಂತರ ಪಂಪು ತೆಗೆಸಿದರು."

"ಕಾಯಿಲೆಯ ಹೆಸರು ಹೇಳಬಾರದೆಂದು ಮನೆಯವರ ಕೋರಿಕೆ. ಒಳ್ಳೆ ಮೈಯಲ್ಲಿ ಇಷ್ಟು ನೋವು ಯಾಕೆ ತಿನ್ನಬೇಕು ಎಂದು ರೋಗಿ ಹಟ ಹಿಡಿದರು."

"ಶಕ್ತಿಯ ಔಷಧ ಸಾಕು, ನನಗೆ ಬೇಕಾದಷ್ಟು ಶಕ್ತಿ ಇದೆ ಎಂದರು. ಮನೆಗೆ ನಡೆದುಕೊಂಡೇ ಹೋದರು."

ನೀಲಾಂಬಿಕಾಗೆ ಮೊದಲು ನಗು ಬಂತು. ಇಪ್ಪತ್ತು ಟಿಪ್ಪಣಿ ದಾಟುವಷ್ಟರಲ್ಲಿ ನಗು ನಿಂತಿತು. ಎಲ್ಲ ಮನೆಯಲ್ಲೂ ಮಗ, ಗಂಡ, ತಂಗಿ, ಸೊಸೆ ವರಾಂಡದಲ್ಲಿ ನಿಂತು ಪ್ರೀತಿಯಿಂದಲೇ ಒಂದು ಸುಳ್ಳು ತಯಾರಿಸಿದ್ದರು. ಯಾಕೆಂದು ಗೊತ್ತಿಲ್ಲದ ನೋವನ್ನು ಯಾರು ಆರು ಸುತ್ತು ತಡೆದುಕೊಳ್ಳುತ್ತಾರೆ? ನರದ ದಾರಿಯವರಿಗೂ ಅದೇ ಸುಳ್ಳನ್ನೇ ಹೇಳಿದ್ದರು, ಆದರೆ ಅವರು ಬಿಟ್ಟಿರಲಿಲ್ಲ. ನಮ್ಮ ಕಡೆ ಸಲೈನ್ ಹಚ್ಚಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಜ್ವರಕ್ಕೂ ಅದೇ, ಸುಸ್ತಿಗೂ ಅದೇ, ಬಾಟಲಿ ಮುಗಿಯುವವರೆಗೆ ಎಳನೀರು ಕುಡಿಯುತ್ತ ಮಲಗಿದ್ದು ಎದ್ದು ಬರುತ್ತಾರೆ.

ಮಂಗಳವಾರ ಸಂಜೆ ಅವಳು ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದಳು. ಇಂದುಮತಿ ಗಂಡ ತೀರಿಹೋದ ಮೇಲೆ ಒಬ್ಬಳೇ ನಿಂತು ಖಾನಾವಳಿ ಬೆಳೆಸಿದವಳು. ರೊಟ್ಟಿ ಯಂತ್ರಗಳು ಬಂದು ಎಷ್ಟೋ ವರ್ಷವಾದರೂ ಅವಳಲ್ಲಿ ಕೈಯಲ್ಲಿ ಬಡಿದ ರೊಟ್ಟಿಯೇ. ಆಪರೇಷನ್ ಆಗಿ ಎರಡು ವಾರವಾಗಿದ್ದರೂ ಒಲೆಯ ಎದುರಿಗೇ ಮಂಚ ಹಾಕಿಸಿಕೊಂಡು, ರೊಟ್ಟಿ ಬಡಿಯುವ ನಾಲ್ವರು ಹೆಂಗಸರ ಮೇಲೆ ಮಲಗಿದಲ್ಲಿಂದಲೇ ಕಣ್ಣಿಟ್ಟಿದ್ದಳು.

"ಬಾರಬೇ ನೀಲಿ. ನಿಮ್ಮ ತಕ್ಕಡಿ ಊಟಾ ಹಾಕೂದಿಲ್ಲೇನು? ಕಡ್ಡಿ ಆದಂಗ ಆಗೀ."

"ಈಗ ಹೆಂಗನ್ನಿಸ್ತೈತಿ ಅಕ್ಕಾ?"

"ಗಂಟು ಹೋತು, ಮೈ ಹಗರ ಆಗೇತಿ. ಈ ನಳಾ ಒಂದ ಚುಚ್ಚತೈತಿ ನೋಡು. ಇದನ್ನ ತಗಸಿಬಿಡೋ ಅಂತ ಗುರುಸಿದ್ದಗ ಹೇಳೇನಿ."

"ಅದರಾಗ ಔಷಧ ಬಿಡಬೇಕಲ್ಲ, ಶುಕ್ರವಾರದಿಂದ."

"ಯಾವ ಔಷಧ? ಶಕ್ತಿದು ಹೌದಲ್ಲ?" ಇಂದುಮತಿ ಮೊಣಕೈ ಊರಿ ಎದ್ದು ಕುಳಿತಳು. "ನನಗ ಶಕ್ತಿ ಏನ್ ಕಡಿಮಿ ಆಗೇತಿ? ಬೇಕಾದ್ರ ಕೈಗೆ ಒಂದು ಸಲಾಯಿನ್ ಹಚ್ಚಲಿ, ಮುಗೀತು. ಹೊಟ್ಟಿ ತುಂಬ ನೀರ ತುಂಬ್ಕೊಂಡು ಮೂರ ದಿನಾ ಆ ಮಗ್ಗಲಾ ಈ ಮಗ್ಗಲಾ ಉರುಳಾಕ ನಾ ಯಾವ ದೇವರಿಗೆ ಹರಕಿ ಹೊತ್ತೇನಿ?"

ರೊಟ್ಟಿಯ ಹೆಂಗಸರು ಗೊಳ್ಳೆಂದು ನಕ್ಕರು. ನೀಲಾಂಬಿಕಾಗೆ ಬೆಳಿಗ್ಗೆಯಿಂದ ಕಾಗದದ ಮೇಲೆ ಓದಿದ ಹೆಂಗಸೇ ಎದುರಿಗೆ ಕುಳಿತು ಮಾತಾಡಿದಂತಾಗಿತ್ತು.

ಗುರುಸಿದ್ಧ ಅವಳನ್ನು ಹಿತ್ತಲಿಗೆ ಕರೆದೊಯ್ದ. ಮೂವತ್ತರ ಗಂಡಸು, ಅಡಿಗೆ ಬಡಿಸುವುದರಿಂದ ಹಿಡಿದು ಎಲ್ಲದಕ್ಕೂ ತಾಯಿಯ ಬಲಗೈ.

"ಚಿಗವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಶಬ್ದಾ ಮಾತ್ರ ಮನ್ಯಾಗ ಎತ್ತಬ್ಯಾಡ್ರಿ. ಕೇಳಿದ್ರ ಅವ್ವ ಅಲ್ಲೇ ಅರ್ಧ ಸತ್ತಹೋಗ್ತಾಳ. ಅಪ್ಪಗ ಹೇಳಿದ್ವೇನು? ಅವ್ವನ ಬ್ಯಾಡಂದ್ಲು. ಗಂಟಲದಾಗ ಹುಣ್ಣು ಅಂತ ತಿಳಕೊಂಡು ಅಪ್ಪ ನೆಮ್ಮದಿಯಿಂದ ಹ್ವಾದ."

"ನೆಮ್ಮದಿಯಿಂದ ಹ್ವಾದ ಅಂತ ನಿನಗ ಯಾರ ಹೇಳಿದ್ರು?"

ಗುರುಸಿದ್ಧ, "ಅವ್ವನ ಹೇಳ್ಯಾಳ," ಎಂದ. ಆಮೇಲೆ ತಾನೇ ದಾರಿ ಹುಡುಕಿದವನಂತೆ, "ಅಕಿ ಬ್ಯಾಡ ಅಂದ್ರ ನಳಾ ತಗಸೂಣು ಬಿಡ್ರಿ, ನರಕ್ಕ ಹಾಕಸೂಣು. ಔಷಧ ಒಂದ ಅಲ್ಲ?" ಎಂದು ಕೇಳಿದ. ನೀಲಾಂಬಿಕಾ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಬುಧವಾರ ಇಡೀ ದಿನ ಅವಳು ಮುಗಿಸಿದವರದ್ದೂ ಸೇರಿ ಉಳಿದ ಟಿಪ್ಪಣಿ ಓದಿ, ಗೀಟು ಎಳೆದು ಎಣಿಸಿದಳು. ನಾನೂರ ಆರರಲ್ಲಿ ಕಾಯಿಲೆ ಏನೆಂದು ಗೊತ್ತಿದ್ದವರು ನೂರ ನಲವತ್ತೆಂಟು. ಅವರಲ್ಲಿ ಆರೂ ಸುತ್ತು ಮುಗಿಸಿದವರು ನೂರ ಹದಿನೆಂಟು. ಗೊತ್ತಿಲ್ಲದವರು ಇನ್ನೂರ ಐವತ್ತೆಂಟು, ಮುಗಿಸಿದವರು ನಲವತ್ತೊಂಬತ್ತು. ಮೂರು ಸಲ ಎಣಿಸಿದಳು, ಸಂಖ್ಯೆ ಬದಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಹೊಂದಾಣಿಕೆಯ ಕೋಣೆಯಲ್ಲಿ ಎರಡು ಓದುಗಳನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟರು. ಮೂರನೆಯ ಓದುಗರಾದ ಡಾ. ಜಮಾದಾರ ಕುರ್ಚಿ ಎಳೆದುಕೊಂಡು ಕುಳಿತರು. ನಿವೃತ್ತಿಗೆ ಐದು ತಿಂಗಳಿದ್ದ ಮೃದು ಮಾತಿನ ಮನುಷ್ಯ ಅವರು. ತಕ್ಕಡಿ ಬರೆದಿತ್ತು: "ಒಡಲ ದಾರಿಯಿಂದ ಒಟ್ಟಾರೆ ಲಾಭ ಕಂಡುಬಂದಿಲ್ಲ. ಸಹಿಸಿಕೊಳ್ಳುವವರು ಕಡಿಮೆ. ವಾಡಿಕೆಯ ಚಿಕಿತ್ಸೆಯಿಂದ ಕೈಬಿಡಬಹುದು." ನೀಲಾಂಬಿಕಾ ಬರೆದದ್ದು ಮೂರೇ ಪದ: "ಉತ್ತರ ಇನ್ನೂ ಸಿಕ್ಕಿಲ್ಲ."

"ದಾದಿಯರ ಟಿಪ್ಪಣಿ ಓದೀಯೇನು?" ಎಂದು ಅವಳು ಯಂತ್ರವನ್ನು ಕೇಳಿದಳು.

"ಎಲ್ಲವನ್ನೂ ಓದಿದ್ದೇನೆ," ಎಂದಿತು ತಕ್ಕಡಿ, ತನ್ನ ಎಂದಿನ ಸಪಾಟು ದನಿಯಲ್ಲಿ.

"ಹಂಗಾರ ಯಾಕ ಹೇಳಲಿಲ್ಲ?"

"ಕಾರಣಗಳಿಗೆ ಐದು ಕಲಮುಗಳಿದ್ದವು. ರೋಗಿಗೆ ತನ್ನ ಕಾಯಿಲೆ ಗೊತ್ತಿದೆಯೇ ಎಂಬ ಕಲಮು ಇರಲಿಲ್ಲ. ಗೊತ್ತಿರುತ್ತದೆ ಎಂದು ಯೋಜನೆ ಬರೆದವರು ಭಾವಿಸಿದ್ದರು. ನೀವು ಈಗ ಮಾಡಿರುವ ವಿಂಗಡಣೆ ಪರೀಕ್ಷೆ ಮುಗಿದ ಮೇಲಿನದು. ಕಾಯಿಲೆ ಗೊತ್ತಿದ್ದವರು ಮೊದಲೇ ಹೆಚ್ಚು ಗಟ್ಟಿಗರಾಗಿರಬಹುದು, ಓದಿದವರಾಗಿರಬಹುದು. ಇದು ದುರ್ಬಲ ಪುರಾವೆ."

"ದುರ್ಬಲ ಅನ್ನೂದು ನನಗೂ ಗೊತ್ತೈತಿ. ಒಡಲ ದಾರಿ ಗೆದ್ದೈತಿ ಅಂತ ನಾ ಎಲ್ಲೆ ಬರದೇನಿ? ಔಷಧ ಸೋತೈತೋ, ನಾವು ಹೇಳಿದ ಸುಳ್ಳಿನಿಂದ ಸೋತೈತೋ ಅನ್ನೂದು ಈ ಕಡತದಾಗ ಗೊತ್ತಾಗೂದಿಲ್ಲ. ಗೊತ್ತಾಗಲಾರದ್ದಕ್ಕ ಬಾಗಲಾ ಮುಚ್ಚಬಾರದು, ಅಷ್ಟ."

ತಕ್ಕಡಿ, "ಈ ಆಕ್ಷೇಪ ಸರಿಯಿದೆ," ಎಂದಿತು.

"ಶಾಬ್ಬಾಸ್!" ಜಮಾದಾರರು ಮೇಜಿಗೆ ಕೈ ಬಡಿದರು. "ಒಂಬತ್ತರಾಗ ಏಳು ಸೋತಿದ್ರಿ, ಇದೊಂದ ಸಾಕು ನೋಡ್ರಿ ಬಾಯರ."

ನೀಲಾಂಬಿಕಾಗೆ ಆ ಹೊಗಳಿಕೆ ತಡೆಯಲಾಗಲಿಲ್ಲ. "ಸರ್, ನನ್ನ ಓದು ಹಿಡೀಬ್ಯಾಡ್ರಿ. ಸೋಮವಾರ ನಾ ಸುಳ್ಳ ಸಹಿ ಮಾಡೇನಿ," ಎಂದಳು. ಅಕ್ಕನ ಸಂಗತಿಯನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಜಮಾದಾರರು ಬೈಯಲಿಲ್ಲ. "ನಿಮ್ಮ ಓದು ರದ್ದು ಮಾಡಬೇಕಾಗ್ತೈತಿ. ಒಂದು ವರ್ಷ ಕುರ್ಚಿನೂ ಹೋಗ್ತೈತಿ, ಅದು ನನ್ನ ಕೈಯಾಗಿಲ್ಲ. ಆದ್ರ ಆ ಟಿಪ್ಪಣಿ ಎಲ್ಲೂ ಹೋಗೂದಿಲ್ರೀ. ನಾನು ಮೊದಲಿಂದ ಎಣಸ್ತೀನಿ. ನಿಮ್ಮ ಲೆಕ್ಕಾ ಖರೇ ಇದ್ರ ನನ್ನ ಕೈಯಾಗೂ ಅಷ್ಟ ಬರಬೇಕು," ಎಂದರು. ಅವಳು ಬಾಗಿಲ ತನಕ ಹೋದಾಗ ಹಿಂದಿನಿಂದ ಕೇಳಿದರು: "ಅಕ್ಕಾರಿಗೆ ಹೇಳೀರೇನು?"

"ಇಲ್ರೀ."

"ಹಂಗಾರ ಆ ಇನ್ನೂರ ಐವತ್ತೆಂಟಕ್ಕ ಇನ್ನೊಂದು ಕೂಡಸ್ರಿ."

ಮಧ್ಯಾಹ್ನ ಮೂರಕ್ಕೆ ಖಾನಾವಳಿ ಖಾಲಿಯಿತ್ತು. ಗುರುಸಿದ್ಧ ಬದನೆಕಾಯಿ ತರಲು ಸಂತೆಗೆ ಹೋಗಿದ್ದ. ಇಂದುಮತಿ ಮಂಚದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ನೀಲಾಂಬಿಕಾ ಪಕ್ಕದಲ್ಲಿ ಕುಳಿತು ತಾನೂ ಒಂದು ಕಟ್ಟು ಬಿಚ್ಚಿದಳು. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ಅಕ್ಕಾ, ನಿನಗ ಆಗಿದ್ದು ಬರೇ ಗಂಟಲ್ಲ. ಕ್ಯಾನ್ಸರು."

ಇಂದುಮತಿ ಕೈಯಲ್ಲಿದ್ದ ಕಟ್ಟನ್ನು ಪೂರ್ತಿ ಸೋಸಿದಳು. ದಂಟುಗಳನ್ನು ಒಂದು ಕಡೆ ಕೂಡಿಸಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು.

"ಎಷ್ಟ ದಿನಾ ಆತು ನಿಮಗ ಗೊತ್ತಾಗಿ?"

"ಹದಿನೇಳ ದಿನಾ."

"ಹದಿನೇಳ ದಿನಾ! ಮುಂಜಾನಿ ಎದ್ದ ಕೂಡಲೆ ನನ್ನ ಮುಂದ ಬಂದು ಹಲ್ಲ ಕಿಸದೀರಿ, ಇಬ್ಬರೂ. ನಾ ಏನ್ ಕೂಸೇನು? ನನ್ನ ಹೊಟ್ಟಿ, ನನ್ನ ಬ್ಯಾನಿ, ನನಗ ಬಿಟ್ಟು ಊರಿಗೆಲ್ಲಾ ಗೊತ್ತು!" ಸೊಪ್ಪಿನ ಬುಟ್ಟಿಯನ್ನು ಅವಳು ನೂಕಿದ ಭರಕ್ಕೆ ಅರ್ಧ ಸೊಪ್ಪು ನೆಲಕ್ಕೆ ಚೆಲ್ಲಿತು. ಅಳು, ಬೈಗುಳ ಎರಡೂ ಒಟ್ಟಿಗೇ ಬಂದವು. ನೀಲಾಂಬಿಕಾ ಬೈಸಿಕೊಂಡಳು, ತಾನೂ ಅತ್ತಳು, ಅಕ್ಕನ ಬೆನ್ನು ಸವರಿದಳು. ಒಂದೆರಡು ಸಲ ಅಕ್ಕ ಆ ಕೈಯನ್ನು ಕೊಡವಿದಳು, ಮೂರನೆಯ ಸಲ ಬಿಟ್ಟಳು.

ಬಹಳ ಹೊತ್ತಾದ ಮೇಲೆ ಇಂದುಮತಿ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯ ಕಡೆ ನೋಡುತ್ತ ಹೇಳಿದಳು. "ನಿಮ್ಮ ಮಾಮಾ ಒಮ್ಮೆ ಕೇಳಿದ್ರು. 'ಇಂದೂ, ನನಗೇನಾಗೇತಿ ಖರೇ ಹೇಳು' ಅಂದ್ರು. ನಾ ಏನಂದೆ ಗೊತ್ತೈತೇನು? 'ಮಜ್ಜಿಗಿ ಕುಡೀರಿ' ಅಂದೆ. ಮತ್ತ ಕೇಳಲಿಲ್ಲ ಅವರು. ಹೋಗೂತನಾ ಏನೂ ಕೇಳಲಿಲ್ಲ. ಅದನ್ನ ನಾ 'ನೆಮ್ಮದಿ' ಅಂತ ತಿಳಕೊಂಡೆ."

ನೀಲಾಂಬಿಕಾ ನೆಲದ ಮೇಲಿನ ಸೊಪ್ಪನ್ನು ಆಯ್ದು ಬುಟ್ಟಿಗೆ ಹಾಕಿದಳು.

"ಈಗ ಹೇಳು," ಎಂದಳು ಇಂದುಮತಿ. "ಆ ನೀರಿನ ಔಷಧದಿಂದ ಏನಾಗ್ತೈತಿ? ಕೈಗೆ ಹಚ್ಚಿದ್ರ ಏನ್ ಕಡಿಮಿ? ಖರೇ ಹೇಳು, ನಿನ್ನ ಓದಿನ ಮ್ಯಾಲಿನ ಆಣಿ."

"ಗ್ವಾಡಿಗೆ ಗೆದ್ದಲಾ ಹತ್ತಿದ್ರ ಊರಿಗೆಲ್ಲಾ ಔಷಧ ಹೊಡೀಬಹುದು, ಇಲ್ಲಾ ಗ್ವಾಡಿಗೇ ಹೊಡೀಬಹುದು. ಹೊಟ್ಟಿಗೆ ಬಿಡೂದು ಅಂದ್ರ ಗ್ವಾಡಿಗೆ ಹೊಡದಂಗ. ಪೂರ್ತಿ ಆರ ಸುತ್ತ ಮುಗಿಸಿದವರು ಹದಿನಾರ ತಿಂಗಳಾ ಹೆಚ್ಚಿಗೆ ಬದಕ್ಯಾರ. ಆದ್ರ ಅದು ಔಷಧದಿಂದನ ಆತು ಅಂತ ಗಟ್ಟಿ ಹೇಳಾಕ ಬರೂದಿಲ್ಲಕ್ಕಾ. ಅವರು ಮೊದಲ ಗಟ್ಟಿ ಇದ್ದಿರಬಹುದು."

"ಹದಿನಾರ ತಿಂಗಳಾ, ಸಿಕ್ಕರ ಸಿಕ್ಕೀತು. ಬ್ಯಾನಿ?"

"ಬ್ಯಾನಿ ಅಂತೂ ಖರೇ. ಕೈಗೆ ಹಚ್ಚೂದಕ್ಕಿಂತ ಭಾಳ."

"ಮುಗಿಸಿದ ಹೆಣಮಕ್ಕಳು ಏನಂದ್ರು?"

ನೀಲಾಂಬಿಕಾ ನೆನಪಿಸಿಕೊಂಡಳು. "ಒಬ್ಬಾಕಿ ನರ್ಸ್ ಮುಂದ ಹೇಳ್ಯಾಳ, ಗೊತ್ತಿದ್ದು ಉರುಳೂದು ಬ್ಯಾರೆ, ಗೊತ್ತಿಲ್ದ ಉರುಳೂದು ಬ್ಯಾರೆ ಅಂತ."

"ಇನ್ನೊಬ್ಬಾಕಿ?"

"ಇನ್ನೊಬ್ಬಾಕಿ ಆರನೇ ಸುತ್ತಿಗೆ ಡಾಕ್ಟರಿಗೆ ಕೆಟ್ಟಾ ಕೊಳಕಾ ಬೈದಾಳ. ಅದನ್ನೂ ಬರದಾರ."

ಇಂದುಮತಿ ಮೂಗು ಸುರಿಸುತ್ತಲೇ ನಕ್ಕಳು. "ಅಕಿ ನನ್ನಂಥಾಕಿ ಇರಬೇಕು. ಹೋಗು, ಚಹಾ ಮಾಡು. ನನಗ ವಿಚಾರ ಮಾಡಾಕ ಬಿಡು."

ಗುರುಸಿದ್ಧ ಬಂದಾಗ ತಾಯಿಯ ಮುಖ ನೋಡಿಯೇ ಅವನಿಗೆ ತಿಳಿಯಿತು. ಬದನೆಕಾಯಿಯ ಚೀಲ ಕೆಳಗಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಚಿಗವ್ವನ ಮೇಲೆ ಸಿಟ್ಟು ಮಾಡಬೇಕೆಂದು ಬಾಯಿ ತೆರೆದವನಿಗೆ ಅಳುವೇ ಬಂತು. ಹದಿನೇಳು ದಿನ ಅವನು ಯಾರ ಮುಂದೆಯೂ ಅತ್ತಿರಲಿಲ್ಲ. ಇಂದುಮತಿ ಅವನ ತಲೆಯನ್ನು ತನ್ನ ತೊಡೆಗೆ ಒತ್ತಿಕೊಂಡು, "ಹುಚ್ಚ ಖೋಡಿ, ಎಲ್ಲಾ ಒಬ್ಬನ ಹೊತಗೊಂಡ ತಿರಗಿದಿ," ಎಂದಳು.

ಶುಕ್ರವಾರ ಬೆಳಿಗ್ಗೆ ದವಾಖಾನೆಗೆ ಹೊರಟಾಗ ಜಮಾದಾರರ ಫೋನು ಬಂತು. ರಾತ್ರಿಯೆಲ್ಲ ಕುಳಿತು ಮಾಡಿದ ಅವರ ಎಣಿಕೆಯಲ್ಲೂ ನೂರ ಹದಿನೆಂಟು, ನಲವತ್ತೊಂಬತ್ತೇ ಬಂದಿತ್ತು. ಪಂಪುಗಳು ಸದ್ಯಕ್ಕೆ ಎಲ್ಲೂ ಹೋಗುವುದಿಲ್ಲ. ಹೊಸದಾಗಿ ಪರೀಕ್ಷೆ ನಡೆಯಬೇಕು, ಅದರಲ್ಲಿ ಆರನೆಯ ಕಲಮು ಇರಬೇಕು ಎಂದು ಬರೆದು ಕಳಿಸಿದ್ದರು. ನೀಲಾಂಬಿಕಾ ಧನ್ಯವಾದ ಹೇಳಿದಳು. ತನ್ನ ಕುರ್ಚಿಯ ಬಗ್ಗೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಾರ್ಡಿನಲ್ಲಿ ಎಂಟು ಹಾಸಿಗೆಗಳಿದ್ದವು. ಇಂದುಮತಿಯ ಪಕ್ಕದ ಹಾಸಿಗೆಯಲ್ಲಿ ನವಲಗುಂದದ ಕಡೆಯ ಪಾರವ್ವ ಎಂಬ ಹೆಂಗಸು ಕುಳಿತಿದ್ದಳು. ಅರವತ್ತು ದಾಟಿದ, ಸೊರಗಿದ, ಆದರೆ ಬಾಯಿ ತುಂಬ ಮಾತಾಡುವ ಹೆಂಗಸು. ಬಂದ ಹತ್ತು ನಿಮಿಷದಲ್ಲಿ ತನ್ನ ಕತೆಯನ್ನೆಲ್ಲ ಹೇಳಿದ್ದಳು. ಹೊಟ್ಟೆಯಲ್ಲಿ ಗಂಟಾಗಿತ್ತು, ತೆಗೆದರು, ಎರಡು ಸುತ್ತು ಶಕ್ತಿಯ ನೀರು ಹಾಕಿಸಿಕೊಂಡಳು, ಇನ್ನು ಈ ನೋವು ಸಾಕೆಂದು ಇವತ್ತು ಪಂಪು ತೆಗೆಸಲು ಬಂದಿದ್ದಾಳೆ. ಮಗ ಪಕ್ಕದಲ್ಲಿ ಒಂದು ಕಾಗದ ಹಿಡಿದು, ಯಾರ ಕಣ್ಣಿಗೂ ಕಣ್ಣು ಸೇರಿಸದೆ ನಿಂತಿದ್ದ. ನೀಲಾಂಬಿಕಾಗೆ ಹೋಗಿ ಅವನ ರಟ್ಟೆ ಹಿಡಿದು ಹೊರಗೆ ಎಳೆಯಬೇಕೆನಿಸಿತು. ಆದರೆ ಆ ಮಾತು ಹೇಳುವ ಹಕ್ಕು ತನ್ನದಲ್ಲವೆಂದು ಗೋಡೆಗೆ ಒರಗಿ ನಿಂತಳು.

ದಾದಿ ಇಂದುಮತಿಯ ಒಪ್ಪಿಗೆಯ ಕಾಗದ ತಂದು, ರೂಢಿಯಂತೆ ಗುರುಸಿದ್ಧನ ಕೈಗೆ ಕೊಟ್ಟಳು. ಅವನು ಜೇಬಿನಿಂದ ಪೆನ್ನು ತೆಗೆದ. ತೆಗೆದವನು ಕಾಗದವನ್ನೂ ಪೆನ್ನನ್ನೂ ತಾಯಿಯ ಕಡೆ ಚಾಚಿದ.

ಇಂದುಮತಿ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯ ತನಕ ಬೆರಳಿಟ್ಟು ಓದಿದಳು. ದಾದಿ ಎರಡು ಸಲ ಗಡಿಯಾರ ನೋಡಿದಳು.

"ತಂಗೀ, ಬ್ಯಾನಿ ಹೆಸರು ಅಂತ ಇರೂ ಕಡೆ ಬರೇ ಅಂಕಿ ಹಾಕೀರಲ್ಲ?"

"ಅದು ಕೋಡ್ ರೀ ಅಮ್ಮಾರ. ಎಲ್ಲಾರಿಗೂ ಹಂಗ ಹಾಕ್ತೀವಿ."

"ನನಗ ಹಂಗ ಬ್ಯಾಡ. ಕ್ಯಾನ್ಸರ್ ಅಂತ ಬರಿ, ಕನ್ನಡದಾಗ. ನೀರಿನ ಔಷಧನ ಹಾಕ್ರಿ ನನಗ. ಎಷ್ಟ ಸುತ್ತ ತಡೀತೀನೋ ಗೊತ್ತಿಲ್ಲ, ಆದ್ರ ಯಾಕ ತಡ್ಯಾಕತ್ತೀನಿ ಅನ್ನೂದು ನನಗ ಗೊತ್ತಿರಲಿ."

ದಾದಿ ಬರೆದಳು. ಇಂದುಮತಿ ಅದನ್ನು ಇನ್ನೊಮ್ಮೆ ಓದಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು.

ಪಾರವ್ವ ಅವಳನ್ನೇ ನೋಡುತ್ತಿದ್ದಳು. ಇಂದುಮತಿಯ ಪಕ್ಕೆಲುಬಿನ ಕೆಳಗಿನ ಉಬ್ಬನ್ನು ನೋಡಿದಳು, ತನ್ನದನ್ನು ಮುಟ್ಟಿಕೊಂಡಳು.

"ಯವ್ವಾ, ನಿನಗೂ ನೀರಿನ ಔಷಧನ?"

"ಹೂಂ."

"ಅದ ನಳಾ?"

"ಅದ."

ಪಾರವ್ವ ಮಗನ ಕಡೆ ತಿರುಗಿದಳು. "ತಮ್ಮಾ, ನನ್ನ ಕಾಗದದಾಗ ಏನ್ ಬರದೈತಿ?"

ಮಗ ದಾದಿಯನ್ನು ನೋಡಿದ, ದಾದಿ ನೆಲ ನೋಡಿದಳು. ಅವನು ನೀಲಾಂಬಿಕಾಳ ಕಡೆಗೂ ನೋಡಿದ. ಅವಳಿಗೆ ಅವನ ಮೇಲೆ ಕನಿಕರ ಉಕ್ಕಿ ಬಂತು, ಮೂರು ದಿನದ ಹಿಂದೆ ತಾನೂ ಹಾಗೆಯೇ ನಿಂತಿದ್ದಳು.

"ಓದಪಾ," ಎಂದಳು ಇಂದುಮತಿ ಮೆಲ್ಲಗೆ. "ತಾಯಿ ಕೇಳಾಕತ್ತಾಳ."

ಅವನು ಪಂಪು ತೆಗೆಸುವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಸ್ಟೂಲು ಎಳೆದುಕೊಂಡು ಬಂದು, ತಾಯಿಯ ಎದುರಿಗೆ ಕುಳಿತ.